ಲೆಕ್ಕದ ಪುಸ್ತಕ ಯಾರ ವಶದಲ್ಲಿರಬೇಕು?

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ದಲಾಲಿ ಅಂಗಡಿ, ಕಾರ್ಖಾನೆಗಳಲ್ಲಿ ಕಿರ್ದಿ-ಖಾತೆ ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಬಹುಮಟ್ಟಿಗೆ ಪಡೆದಿದೆ. ಇದು ಸ್ವಾಗತಾರ್ಹ. ಆದರೆ ಕಿರ್ದಿಯನ್ನು ಯಾವ ಗುಮಾಸ್ತನಾದರೂ ಓದಬಲ್ಲನು. ಗಣಕದೊಳಗಿನ ಲೆಕ್ಕವನ್ನು ಸಾಮಾನ್ಯವಾಗಿ ಅದನ್ನು ಬರೆದ ತಂತ್ರಾಂಶವೇ ಓದಬೇಕು. ಆ ತಂತ್ರಾಂಶವು ಒಂದೇ ಕಾರ್ಯಾಚರಣಾ ವ್ಯವಸ್ಥೆಗೆ ಅಂಟಿಕೊಂಡಿದ್ದರೆ, ಆ ವ್ಯವಸ್ಥೆಯ ಆಯುಷ್ಯವೇ ನಮ್ಮ ಲೆಕ್ಕದ ಆಯುಷ್ಯವಾಗುತ್ತದೆ.

ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಇತ್ತ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಕಂಪನಿಗಳಾದರೆ 8 ವರ್ಷ. ತಂತ್ರಾಂಶ ತೆರೆಯುತ್ತಿಲ್ಲವೆಂಬ ಸಬೂಬು ನೋಟೀಸಿಗೆ ಉತ್ತರವಾಗದು.

ಈ ಪರಾಧೀನತೆಗೆ ಪರಿಹಾರ ಹೊಸದೇನಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯನ್ನು 1973ರಲ್ಲಿ ಸಿ ಭಾಷೆಯಲ್ಲಿ ಪುನಃ ಬರೆದಾಗ, ಅದು ಒಂದೇ ಯಂತ್ರದ ಹಂಗಿನಿಂದ ಪಾರಾಗುವ ದಾರಿ ತೆರೆಯಿತು. 1988ರಲ್ಲಿ ಪೋಸಿಕ್ಸ್ ಮಾನದಂಡ ಬಂದಿತು. ಅದನ್ನು ಪಾಲಿಸಿ ಬರೆದ ತಂತ್ರಾಂಶವನ್ನು ಲಿನಕ್ಸ್, ಬಿಎಸ್‌ಡಿ ಮುಂತಾದ ಒಂದೇ ಬಳಗದ ವ್ಯವಸ್ಥೆಗಳಿಗೆ ಅಲ್ಪ ತಿದ್ದುಪಡಿಯೊಂದಿಗೆ ಒಯ್ಯಬಹುದು. ತಿದ್ದುಪಡಿಯೇ ಬೇಡವೆನ್ನುವುದು ಮಾತ್ರ ಉತ್ಪ್ರೇಕ್ಷೆ.

ಮಾರಾಟಗಾರರಾದರೋ ವಿಶ್ಲೇಷಕ ಸಂಸ್ಥೆಗಳ ವರದಿ ತೋರಿಸಿ, ಮುಂದಿನ ಕಾಲ ತಮ್ಮದೇ ಎನ್ನುವರು. 2011ರಲ್ಲಿ ಗಾರ್ಟ್‌ನರ್ ಸಂಸ್ಥೆಯು, 2015ರ ಹೊತ್ತಿಗೆ ವಿಂಡೋಸ್ ಫೋನ್ ಶೇ. 19.5ರಷ್ಟು ಮಾರುಕಟ್ಟೆ ಗಳಿಸಿ ಐಫೋನನ್ನು ಹಿಂದಿಕ್ಕುವುದೆಂದು ಅಂದಾಜಿಸಿತ್ತು. ಆ ಫೋನಿನ ವ್ಯವಸ್ಥೆ ಇಂದು ಬಳಕೆಯಿಂದಲೇ ಮರೆಯಾಗಿದೆ. ಉಳಿದ ಆಂಡ್ರಾಯ್ಡ್ ಮತ್ತು ಐಫೋನ್ ಎರಡೂ ಯುನಿಕ್ಸ್ ಬಳಗಕ್ಕೆ ಸೇರಿದವು. ತಂತ್ರಾಂಶ ತಯಾರಕರೂ ಇಂಥ ಸಂಸ್ಥೆಗಳ ಗ್ರಾಹಕರೆಂಬುದನ್ನು ಮರೆಯಲಾಗದು. ಹೆಸರುಕಾಳನ್ನು ಅಂಗೈಮೇಲೆ ಹಾಕಿ ನೋಡದೆ ದರ ಹೇಳದ ನಮ್ಮ ವ್ಯಾಪಾರಸ್ಥರು ಇಲ್ಲಿ ಮಾತ್ರ ಪರರ ಮಾತನ್ನೇಕೆ ನಂಬಬೇಕು?

ಆದ್ದರಿಂದ ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಇಡೀ ವರ್ಷದ ಖಾತೆಗಳನ್ನು ಸಿಎಸ್‌ವಿಯಂಥ ಮುಕ್ತ ರೂಪದಲ್ಲಿ ಹೊರತೆಗೆಯಬಹುದೇ? ಕನ್ನಡದ ಹೆಸರುಗಳು ಯೂನಿಕೋಡ್‌ನಲ್ಲಿ ಇರುವವೇ? ತಂತ್ರಾಂಶವು ಲಿನಕ್ಸ್‌ನಲ್ಲಿಯೂ ನಡೆಯುವುದೇ? ಮೂರನೆಯದಕ್ಕೆ ಇಲ್ಲವೆಂದರೆ ವಿಚಾರ ಮಾಡಿರಿ. ಮೊದಲನೆಯದಕ್ಕೇ ಇಲ್ಲವೆಂದರೆ ಖರೀದಿಸಬೇಡಿರಿ. ಪ್ರತಿ ವರ್ಷ ಲೆಕ್ಕಪರಿಶೋಧನೆ ಮುಗಿದೊಡನೆ ಒಂದು ಪ್ರತಿಯನ್ನು ಬೇರೆ ಗಣಕದಲ್ಲಿ, ಲಿಬ್ರೆಆಫೀಸ್‌ನಂಥ ಉಚಿತ ತಂತ್ರಾಂಶದಿಂದ ತೆರೆದು, ಶಿಲ್ಕು ತಾಳೆ ನೋಡಿರಿ. ಶಿಲ್ಕು ತಾಳೆಯಾದರೆ ಲೆಕ್ಕ ನಿಮ್ಮ ವಶದಲ್ಲಿದೆ ಎಂದರ್ಥ.