ಬಿ.ಎಡ್. ಮುಗಿದ ಮೇಲಿನ ಮೊದಲ ವರ್ಷ

ಬಿ.ಎಡ್. ಬಗ್ಗೆ ನಮ್ಮಲ್ಲಿ ಎರಡು ಮಾತುಗಳು ಒಟ್ಟೊಟ್ಟಿಗೇ ಚಾಲ್ತಿಯಲ್ಲಿವೆ. ಆ ಕೋರ್ಸಿನಿಂದ ಏನೂ ಪ್ರಯೋಜನವಿಲ್ಲ, ಪಾಠ ಮಾಡುವುದು ರಕ್ತದಲ್ಲೇ ಬರಬೇಕು ಎನ್ನುವುದು ಒಂದು. ಶಿಕ್ಷಕರ ಗುಣಮಟ್ಟ ಸುಧಾರಿಸಬೇಕಾದರೆ ತರಬೇತಿಯ ಅವಧಿ ಹೆಚ್ಚಬೇಕು, ಪರೀಕ್ಷೆಗಳು ಬಿಗಿಯಾಗಬೇಕು ಎನ್ನುವುದು ಇನ್ನೊಂದು. ಒಂದಕ್ಕೊಂದು ಹೊಂದದ ಈ ಮಾತುಗಳನ್ನು ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುವುದನ್ನು ಸ್ಟಾಫ್ ರೂಮುಗಳಲ್ಲೂ ಪೋಷಕರ ಸಭೆಗಳಲ್ಲೂ ಕೇಳಿದ್ದೇನೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ನೋಡಬೇಕಾದ ಜಾಗವನ್ನು ಬಿಟ್ಟು ಬೇರೆಡೆ ನೋಡುತ್ತಿವೆ ಎಂದು ನನಗೆ ತೋರುತ್ತದೆ. ಪ್ರೌಢಶಾಲೆಯ ಶಿಕ್ಷಕರು ರೂಪುಗೊಳ್ಳುವುದು ಹೆಚ್ಚಾಗಿ ಪದವಿ ಪ್ರಮಾಣಪತ್ರ ಕೈಗೆ ಬಂದ ನಂತರದ ಮೊದಲ ಎರಡು-ಮೂರು ವರ್ಷಗಳಲ್ಲಿ. ಆ ವರ್ಷಗಳನ್ನು ನಾವು ಬಹುಮಟ್ಟಿಗೆ ಅವರವರ ಪಾಡಿಗೆ ಬಿಟ್ಟುಬಿಟ್ಟಿದ್ದೇವೆ.

ಹುಟ್ಟು ಶಿಕ್ಷಕರು ಎಂಬ ನಂಬಿಕೆಯನ್ನೇ ಮೊದಲು ತೆಗೆದುಕೊಳ್ಳೋಣ. ಧ್ವನಿ, ತಾಳ್ಮೆ, ಮಕ್ಕಳೆದುರು ಅಳುಕದೆ ನಿಲ್ಲುವ ಸ್ವಭಾವ ಕೆಲವರಿಗೆ ಸಹಜವಾಗಿ ಇರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂಬತ್ತನೇ ತರಗತಿಯ ಬೀಜಗಣಿತದ ಪೀರಿಯಡ್ಡಿನಲ್ಲಿ ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದು ಬರೆಯುವ ಮಕ್ಕಳು ಪ್ರತಿ ವರ್ಷ, ಪ್ರತಿ ಶಾಲೆಯಲ್ಲಿ ಇರುತ್ತಾರೆ. ಹೊಸದಾಗಿ ಬಂದ ಶಿಕ್ಷಕಿ ‘ತಪ್ಪು, ನಡುವೆ ಟು ಎ ಬಿ ಬಿಟ್ಟಿದ್ದೀಯ’ ಎಂದು ಹೇಳಿ ಸೂತ್ರವನ್ನು ಐದು ಸಲ ಬರೆಸುತ್ತಾರೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಅದೇ ತಪ್ಪು ಅದೇ ಮಗುವಿನ ಹಾಳೆಯಲ್ಲಿ ಮತ್ತೆ ಕಾಣಿಸುತ್ತದೆ. ಹತ್ತು ವರ್ಷ ಪಾಠ ಮಾಡಿದವರು ಹಾಗೆ ಮಾಡುವುದಿಲ್ಲ. ಎ ಜಾಗದಲ್ಲಿ 2, ಬಿ ಜಾಗದಲ್ಲಿ 3 ಹಾಕಿ ಲೆಕ್ಕ ಮಾಡು ಎನ್ನುತ್ತಾರೆ. ಕೂಡಿಸಿ ವರ್ಗ ಮಾಡಿದರೆ 25 ಬರುತ್ತದೆ, ವರ್ಗ ಮಾಡಿ ಕೂಡಿಸಿದರೆ 13. ಉಳಿದ 12 ಎಲ್ಲಿ ಹೋಯಿತು ಎಂದು ಮಗುವೇ ಕೇಳುವವರೆಗೆ ಸುಮ್ಮನಿರುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಐದು ಮಾನದ ಬಾಹುವಿನ ಚೌಕ ಬರೆದು, ಎರಡು ಮತ್ತು ಮೂರರ ಗುರುತಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆಯುತ್ತಾರೆ. 4ರ ಒಂದು ಚೌಕ, 9ರ ಒಂದು ಚೌಕ, ಮೂಲೆಗಳಲ್ಲಿ ಉಳಿದ 6ರ ಎರಡು ಆಯತಗಳು. ಕಾಣೆಯಾಗಿದ್ದ 12 ಅಲ್ಲಿದೆ.

ಈ ತಿಳಿವಳಿಕೆ ಸ್ವಭಾವದಿಂದ ಬಂದದ್ದಲ್ಲ. ಗಣಿತದ ಎಂ.ಎಸ್‌ಸಿ.ಯಿಂದಲೂ ಬರಬೇಕೆಂದಿಲ್ಲ, ಏಕೆಂದರೆ ಗಣಿತ ಬಲ್ಲವರಿಗೆ ಈ ತಪ್ಪು ಎಂದೋ ಮರೆತುಹೋಗಿರುತ್ತದೆ. ವಿಷಯ ಬಲ್ಲವರೆಲ್ಲ ಪಾಠ ಮಾಡಬಲ್ಲರು ಎಂಬ ಮತ್ತೊಂದು ಜನಪ್ರಿಯ ಮಾತೂ ಇಲ್ಲಿಯೇ ಸಡಿಲವಾಗುತ್ತದೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಪ್ರತ್ಯೇಕ ಬಗೆಯ ಜ್ಞಾನವೆಂದೇ ಗುರುತಿಸಿದರು. ಯಾವ ಪರಿಕಲ್ಪನೆಯಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಅಲ್ಲಿ ಯಾವ ಉದಾಹರಣೆ ಕೈ ಹಿಡಿಯುತ್ತದೆ ಎಂಬ ಜ್ಞಾನ ಅದು. ಕಲಿಯಬಹುದಾದ, ಕಲಿಯಲೇಬೇಕಾದ ಸಂಗತಿ. ಹಾಗಾಗಿ ತರಬೇತಿಯೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಆದರೆ ನಮ್ಮ ಬಿ.ಎಡ್. ಇದನ್ನು ಕಲಿಸುತ್ತದೆಯೇ? ಪ್ರಶಿಕ್ಷಣಾರ್ಥಿಯೊಬ್ಬರ ಪಾಠಯೋಜನೆಯ ಪುಸ್ತಕ ತೆರೆದರೆ ಉದ್ದೇಶ, ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ ಎಂಬ ಕಾಲಂಗಳು ಕಾಣುತ್ತವೆ. ಸ್ಕೇಲಿಟ್ಟು ಗೆರೆ ಹೊಡೆದು, ಎರಡು ಬಣ್ಣದ ಪೆನ್ನಿನಲ್ಲಿ ರಾತ್ರಿಯೆಲ್ಲ ಕೂತು ಬರೆದ ಪುಟಗಳವು. ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ಕಂಡ ಪಾಠಯೋಜನೆಗಳಲ್ಲಿ ವಿದ್ಯಾರ್ಥಿಗಳ ಚಟುವಟಿಕೆಯ ಕೆಳಗೆ ಹೆಚ್ಚಾಗಿ ‘ಗಮನವಿಟ್ಟು ಆಲಿಸುವರು’, ‘ಉತ್ತರಿಸುವರು’ ಎಂದೇ ಇರುತ್ತದೆ. ಉತ್ತರವೂ ಸರಿಯಾದ ಉತ್ತರವೇ. ತಪ್ಪು ಉತ್ತರ ಬಂದರೆ ಏನು ಮಾಡುವುದು ಎಂಬುದಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ. ಇದಕ್ಕೆ ಕಾಲೇಜಿನ ಉಪನ್ಯಾಸಕರನ್ನು ದೂರುವುದು ಸುಲಭ, ಆದರೆ ನ್ಯಾಯವಾಗದು. ಮಕ್ಕಳ ತಪ್ಪುಗಳು ತಿಳಿಯುವುದು ರಾಶಿ ರಾಶಿ ಉತ್ತರಪತ್ರಿಕೆ ತಿದ್ದಿದ ಮೇಲೆ. ಇನ್ನೂ ಒಂದು ಕಟ್ಟನ್ನೂ ತಿದ್ದದ ಪ್ರಶಿಕ್ಷಣಾರ್ಥಿಗೆ ಅವು ಹೇಗೆ ಹೊಳೆಯಬೇಕು? ಮನಸ್ಸಿನಲ್ಲಿ ಇನ್ನೂ ಹುಟ್ಟದ ಪ್ರಶ್ನೆಗಳಿಗೆ ಕೋರ್ಸು ಉತ್ತರ ಕೊಡುತ್ತಿರುತ್ತದೆ. ಪ್ರಶ್ನೆಗಳು ಹುಟ್ಟುವ ಹೊತ್ತಿಗೆ ಕೋರ್ಸು ಮುಗಿದಿರುತ್ತದೆ.

ಹಾಗಾದರೆ ಅವಧಿ ಹೆಚ್ಚಿಸೋಣ, ಶಾಲೆಯಲ್ಲಿ ಹೆಚ್ಚು ದಿನ ಇರಿಸೋಣ ಎಂಬ ಉತ್ತರ ಸಹಜವಾಗಿಯೇ ಬರುತ್ತದೆ. ಅದನ್ನು ಮಾಡಿಯೂ ನೋಡಿದ್ದೇವೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯ ನಂತರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ 2014ರಲ್ಲಿ ಹೊಸ ನಿಯಮಾವಳಿ ತಂದಿತು. 2015-16ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕೆಂದು ಗೊತ್ತುಪಡಿಸಲಾಯಿತು. ಕಾಗದದ ಮೇಲೆ ಇದು ಸಣ್ಣ ಬದಲಾವಣೆಯಲ್ಲ, ಕೆಲವು ಕಾಲೇಜುಗಳಲ್ಲಿ ಇದರಿಂದ ಒಳ್ಳೆಯದೂ ಆಗಿದೆ. ಆದರೆ ಆ ವಾರಗಳು ಎಷ್ಟೋ ಶಾಲೆಗಳಲ್ಲಿ ಹೇಗೆ ಸಾಗುತ್ತವೆ ಎಂಬುದು ಶಾಲೆಯ ಒಳಗಿರುವವರಿಗೆ ಗೊತ್ತು. ಹತ್ತನೇ ತರಗತಿಯನ್ನು ಮುಖ್ಯ ಶಿಕ್ಷಕರು ಪ್ರಶಿಕ್ಷಣಾರ್ಥಿಗಳ ಕೈಗೆ ಕೊಡಲು ಹಿಂಜರಿಯುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರು. ಎಂಟು, ಒಂಬತ್ತನೇ ತರಗತಿಗಳು ಸಿಗುತ್ತವೆ. ವಿಷಯ ಶಿಕ್ಷಕರು ತರಗತಿಯನ್ನು ಒಪ್ಪಿಸಿ ಬಾಕಿ ಉಳಿದ ಕಚೇರಿ ಕೆಲಸಕ್ಕೆ ಹೋಗುತ್ತಾರೆ. ಕಾಲೇಜಿನ ಮೇಲ್ವಿಚಾರಕರು ಬಂದ ದಿನ ಹಿಂದೆ ಕುಳಿತು ‘ಕಪ್ಪುಹಲಗೆಯ ಬಳಕೆ ಉತ್ತಮ’, ‘ಧ್ವನಿಯಲ್ಲಿ ಏರಿಳಿತವಿರಲಿ’ ಎಂದು ಬರೆದು ಸಹಿ ಹಾಕುತ್ತಾರೆ. ಇವರು ಕೆಲ ವಾರದ ಮೇಷ್ಟ್ರು ಎಂದು ಮಕ್ಕಳಿಗೆ ತಿಳಿದಿರುತ್ತದೆ. ವಾರಗಳ ಸಂಖ್ಯೆ ಹೆಚ್ಚಾದರೂ ಇದರಲ್ಲಿ ಯಾವುದೂ ತಾನಾಗಿ ಬದಲಾಗುವುದಿಲ್ಲ.

ಎರಡನೇ ವರ್ಷಕ್ಕೊಂದು ಬೆಲೆಯಿದೆ, ಅದನ್ನು ತೆರುವವರು ಯಾರೆಂಬುದನ್ನೂ ನೋಡಬೇಕು. ಶುಲ್ಕದ ಜೊತೆಗೆ ಒಂದು ವರ್ಷದ ಸಂಪಾದನೆಯೂ ಹೋಗುತ್ತದೆ. ಮನೆಯಲ್ಲಿ ಅನುಕೂಲವಿರುವ ಪದವೀಧರರಿಗೆ ಇದು ದೊಡ್ಡದಲ್ಲ. ಡಿಗ್ರಿ ಮುಗಿದ ಕೂಡಲೇ ಮನೆಗೆ ಹಣ ಕಳಿಸಬೇಕಾದ ಹುಡುಗನಿಗೆ, ‘ಇನ್ನೂ ಎರಡು ವರ್ಷ ಓದಿಸಬೇಕಾ’ ಎಂದು ಮನೆಯವರಿಂದ ಕೇಳಿಸಿಕೊಳ್ಳುವ ಹುಡುಗಿಗೆ ಅದು ಬಹಳ ದೊಡ್ಡದು. ಉದ್ದದ ಕೋರ್ಸು ಬದ್ಧತೆ ಇರುವವರನ್ನೇ ಉಳಿಸಿಕೊಳ್ಳುತ್ತದೆ ಎನ್ನುತ್ತಾರೆ. ಕಾಯುವ ಶಕ್ತಿ ಇರುವವರನ್ನು ಉಳಿಸಿಕೊಳ್ಳುತ್ತದೆ ಎಂದರೆ ಹೆಚ್ಚು ನಿಖರವಾದೀತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಎಡ್. ಕನಿಷ್ಠ ಅರ್ಹತೆಯಾಗಬೇಕು ಎನ್ನುತ್ತದೆ. ಬೇರೆ ಪದವಿ ಮಾಡಿದವರಿಗೆ ಎರಡು ವರ್ಷದ, ಸ್ನಾತಕೋತ್ತರ ಪದವಿ ಇದ್ದವರಿಗೆ ಒಂದು ವರ್ಷದ ದಾರಿಯನ್ನೂ ಅದು ತೆರೆದಿಟ್ಟಿದೆ. ನಾಲ್ಕು ವರ್ಷದ ಮಾದರಿಗೆ ನಮ್ಮ ಮೈಸೂರೇ ಹಳೆಯ ಉದಾಹರಣೆ. 1963ರಲ್ಲಿ ಆರಂಭವಾದ ಅಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಬಿ.ಎಸ್‌ಸಿ.ಎಡ್. ಓದಿದವರಲ್ಲಿ ಒಳ್ಳೆಯ ಶಿಕ್ಷಕರು ಅನೇಕರಿದ್ದಾರೆ. ಆದರೆ ಆ ಯಶಸ್ಸನ್ನು ನಾಲ್ಕು ವರ್ಷಗಳ ಖಾತೆಗೆ ಹಾಕುವ ಮುನ್ನ ಒಂದನ್ನು ಗಮನಿಸಬೇಕು. ಆ ಆವರಣದಲ್ಲೇ ಸಂಸ್ಥೆಯ ಸ್ವಂತ ಪ್ರಾತ್ಯಕ್ಷಿಕೆ ಶಾಲೆಯಿದೆ. ಕಲಿಸುವುದನ್ನು ಕಲಿಯುವವರಿಗೆ ನಿಜವಾದ ತರಗತಿ ಅಕ್ಕಪಕ್ಕದಲ್ಲೇ, ವರ್ಷವಿಡೀ ಇರುತ್ತದೆ. ಅಂಥ ಶಾಲೆಯಿಲ್ಲದ ಖಾಸಗಿ ಕಾಲೇಜೊಂದು ಕ್ಯಾಲೆಂಡರನ್ನಷ್ಟೇ ನಕಲು ಮಾಡಿದರೆ ಫಲವೂ ಅದೇ ಬರುತ್ತದೆಂದು ನಂಬಲು ನನಗೆ ಆಧಾರ ಕಾಣುತ್ತಿಲ್ಲ. ಅದೇ ನೀತಿ ದಾಖಲೆ ವರ್ಮಾ ಆಯೋಗವನ್ನು ಉಲ್ಲೇಖಿಸಿ, ದೇಶದ ಹತ್ತು ಸಾವಿರಕ್ಕೂ ಹೆಚ್ಚು ಪ್ರತ್ಯೇಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರ ಪ್ರಯತ್ನವನ್ನೇ ಮಾಡದೆ ಹಣಕ್ಕೆ ಪದವಿ ಕೊಡುತ್ತಿವೆ ಎಂದು ಹೇಳಿದೆ. ರೋಗ ಅದಾದರೆ ಅವಧಿಯನ್ನು ಹಿಗ್ಗಿಸುವುದು ಮದ್ದಾಗುವುದು ಹೇಗೆ?

ಫಿನ್ಲೆಂಡಿನ ಹೆಸರು ಈ ಚರ್ಚೆಯಲ್ಲಿ ಬರದೇ ಇರದು. ಅಲ್ಲಿ ಶಿಕ್ಷಕರಿಗೆ ಸ್ನಾತಕೋತ್ತರ ಪದವಿ ಬೇಕು ಎಂಬುದು ನಿಜ. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳಿಗೂ ತಮ್ಮವೇ ತರಬೇತಿ ಶಾಲೆಗಳಿವೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಓದು ಮುಗಿದ ಮೇಲೆ, ರಾಜ್ಯಕ್ಕೆ ತಕ್ಕಂತೆ 12ರಿಂದ 24 ತಿಂಗಳು ಸಂಬಳ ಪಡೆಯುತ್ತ ಶಾಲೆಯಲ್ಲಿ ಕಲಿಯುತ್ತಾರೆ. ಆ ಬಳಿಕವೇ ಎರಡನೇ ಸರ್ಕಾರಿ ಪರೀಕ್ಷೆ. ಇಂಗ್ಲೆಂಡಿನಲ್ಲಿ ಪದವೀಧರರ ತರಬೇತಿ ಒಂದೇ ವರ್ಷದ್ದು, ಆದರೆ 2021ರಿಂದ ಕೆಲಸದ ಮೊದಲ ಎರಡು ವರ್ಷ ಹೊಸಬರ ಜೊತೆ ಒಬ್ಬ ಮಾರ್ಗದರ್ಶಕರು ಇರುತ್ತಾರೆ. ಮೊದಲ ವರ್ಷ ಶೇ. 10, ಎರಡನೇ ವರ್ಷ ಶೇ. 5ರಷ್ಟು ಪೀರಿಯಡ್ ಕಡಿಮೆ. ನಾವು ಹೊರಗಿನಿಂದ ತರುವುದು ಪದವಿಯ ಹೆಸರನ್ನು ಮತ್ತು ವರ್ಷಗಳ ಲೆಕ್ಕವನ್ನು. ಅದರ ಬೆನ್ನಿಗಿರುವ ಶಾಲೆ ಅಲ್ಲೇ ಉಳಿದುಬಿಡುತ್ತದೆ.

ಅರ್ಹತಾಪತ್ರದಿಂದ ಕಲಿಕೆಯಲ್ಲಿ ವ್ಯತ್ಯಾಸವಾಗುತ್ತದೆಯೇ ಎಂದು ಅಳೆದು ನೋಡಿದವರೂ ಇದ್ದಾರೆ. ನ್ಯೂಯಾರ್ಕ್ ನಗರದ ಶಾಲೆಗಳ ಬಗ್ಗೆ ಥಾಮಸ್ ಕೇನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತಾಪತ್ರ ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಸಣ್ಣದು, ಒಂದೇ ಬಗೆಯ ಅರ್ಹತೆ ಇರುವವರೊಳಗಿನ ಅಂತರ ಬಹಳ ದೊಡ್ಡದು ಎಂದು ಕಂಡುಬಂತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಪ್ರಾಮಾಣಿಕವಾಗದು. ಆ ಅಧ್ಯಯನ ನೋಡಿದ್ದು ನಾಲ್ಕರಿಂದ ಎಂಟನೇ ತರಗತಿಗಳನ್ನು. ನಾರ್ತ್ ಕ್ಯಾರೊಲಿನಾದ ಪ್ರೌಢಶಾಲೆಗಳನ್ನು ನೋಡಿದ ಕ್ಲಾಟ್‌ಫೆಲ್ಟರ್, ಲ್ಯಾಡ್, ವಿಗ್ಡೋರ್ ಅವರ 2010ರ ಅಧ್ಯಯನದಲ್ಲಿ, ಕಲಿಸುವ ವಿಷಯದಲ್ಲೇ ಅರ್ಹತೆ ಪಡೆದಿರುವುದು ಮಕ್ಕಳ ಕಲಿಕೆಗೆ ನೆರವಾಗುತ್ತದೆ ಎಂದು ಕಂಡಿತು. ಆದ್ದರಿಂದ ಮೇಲಿನ ತರಗತಿಗಳಲ್ಲಿ ಅರ್ಹತಾಪತ್ರ ಬರೀ ಕಾಗದ ಎನ್ನುವಂತಿಲ್ಲ. ಆದರೆ ಎರಡೂ ಕಡೆ ಒಂದು ಮಾತು ಸಮಾನ: ಮೊದಲ ಕೆಲ ವರ್ಷಗಳ ಅನುಭವದಿಂದ ಶಿಕ್ಷಕರು ಗಮನಾರ್ಹವಾಗಿ ಸುಧಾರಿಸುತ್ತಾರೆ.

ಬಿಗಿಯಾದ ಪರೀಕ್ಷೆಯ ವಿಚಾರವನ್ನು ಚಿಕ್ಕದಾಗಿಯೇ ಹೇಳಬಹುದು. ವಿಷಯವೇ ಬಾರದವರನ್ನು ತಡೆಯಲು ನೇಮಕಾತಿ ಪರೀಕ್ಷೆ ಬೇಕು. ಒಂದರಿಂದ ಎಂಟನೇ ತರಗತಿಯವರೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಇರುವುದೂ ಸರಿಯೇ. ಆದರೆ ಮಗುವಿನ ತಪ್ಪು ಯಾವುದು ಎಂದು ಓಎಂಆರ್ ಹಾಳೆ ಕೇಳಬಲ್ಲದು. ಐವತ್ತು ಮಕ್ಕಳ ತರಗತಿಯಲ್ಲಿ, ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲಿ, ಆ ತಪ್ಪು ಈ ಅಭ್ಯರ್ಥಿಯ ಕಣ್ಣಿಗೆ ಬಿದ್ದೀತೇ ಎಂದು ಅದಕ್ಕೆ ತಿಳಿಯದು. ಧಾರವಾಡದ, ವಿಜಯಪುರದ ಕೋಚಿಂಗ್ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕೂತು ಓದುವ ಯುವಜನರು ಆ ಅವಧಿಯಲ್ಲಿ ತರಗತಿಯಿಂದ ದೂರವೇ ಇರುತ್ತಾರೆ.

ಹಾಗೆ ಕೋಚಿಂಗಿಗೆ ಹೋಗಲಾಗದವರು, ಅಥವಾ ಹೋಗಿ ಬಂದವರು, ಅತಿಥಿ ಶಿಕ್ಷಕರಾಗುತ್ತಾರೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ಹೃದಯ ಇಲ್ಲಿದೆ. ನೇಮಕಾತಿ ಅಧಿಸೂಚನೆ ಬರುವುದು ವರ್ಷಗಳಿಗೊಮ್ಮೆ. ಅಲ್ಲಿಯವರೆಗೆ ನಮ್ಮ ಬಿ.ಎಡ್. ಪದವೀಧರರ ಮೊದಲ ವರ್ಷಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿಯಾಗಿಯೋ ಸಣ್ಣ ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೋ ಕಳೆಯುತ್ತವೆ. ಶಾಲೆ ಶುರುವಾದ ಮೇಲೆ ಕರೆ ಬರುತ್ತದೆ, ಶೈಕ್ಷಣಿಕ ವರ್ಷ ಮುಗಿಯುತ್ತಲೇ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಅದೇ ಶಾಲೆಯಾಗಬಹುದು, ಆಗದೆಯೂ ಇರಬಹುದು. ತಪ್ಪು ಮಾಡುವುದು, ತಿದ್ದಿಕೊಳ್ಳುವುದು, ‘ಮಿಸ್, ಇದು ಯಾಕೆ ಹೀಗೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತು ರಾತ್ರಿ ಪುಸ್ತಕ ತಿರುವುವುದು, ಎಲ್ಲವೂ ಈ ವರ್ಷಗಳಲ್ಲೇ. ಆ ತರಗತಿಯ ಹಿಂದೆ ಕುಳಿತು ನೋಡುವ ಹಿರಿಯರು ಯಾರೂ ಇರುವುದಿಲ್ಲ. ಗೌರವಧನ ತಡವಾಗಿ ಬರುವ ಈ ತಿಂಗಳುಗಳೇ ವಾಸ್ತವದಲ್ಲಿ ನಮ್ಮ ರಾಜ್ಯದ ಶಿಕ್ಷಕರ ತರಬೇತಿ. ನಾವು ಪಠ್ಯಕ್ರಮ ರಚಿಸದ, ಯಾರನ್ನೂ ಮಾರ್ಗದರ್ಶನಕ್ಕೆ ನೇಮಿಸದ ಒಂದೇ ಒಂದು ಹಂತವೂ ಇದೇ.

ನಮ್ಮ ಹಿರಿಯ ತಲೆಮಾರಿನ ಹಲವು ಶಿಕ್ಷಕರು ಮೊದಲು ಕೆಲಸಕ್ಕೆ ಸೇರಿ, ಕೆಲ ವರ್ಷ ಪಾಠ ಮಾಡಿ, ಆಮೇಲೆ ಡೆಪ್ಯುಟೇಶನ್ ಮೇಲೆ ಬಿ.ಎಡ್.ಗೆ ಹೋದವರು. ತರಗತಿಯ ಪ್ರಶ್ನೆಗಳನ್ನು ಹೊತ್ತುಕೊಂಡೇ ಅವರು ಕಾಲೇಜಿನ ಮೆಟ್ಟಿಲು ಹತ್ತಿದ್ದರು. ಆ ಪದ್ಧತಿಯನ್ನು ಇದ್ದ ಹಾಗೇ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ತರಬೇತಿಯೇ ಇಲ್ಲದವರ ಕೈಗೆ ವರ್ಷಗಟ್ಟಲೆ ಮಕ್ಕಳನ್ನು ಒಪ್ಪಿಸಿದ್ದು ಅದರ ದೋಷವಾಗಿತ್ತು. ಆದರೆ ಒಂದು ವರ್ಷದ ಗಟ್ಟಿ ಕೋರ್ಸು, ಅದರ ಬೆನ್ನಿಗೇ ಸಂಬಳ ಸಹಿತ ಎರಡು ವರ್ಷದ ಮೇಲ್ವಿಚಾರಿತ ಬೋಧನೆ, ಅದು ಮುಗಿದ ಮೇಲೆ ಪೂರ್ಣ ಅರ್ಹತಾಪತ್ರ ಎಂಬ ಕ್ರಮ ಇಂದಿನದಕ್ಕಿಂತ ವಿವೇಕಯುತವೆಂದು ನನಗನ್ನಿಸುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ಹಿರಿಯರ ಕೈಕೆಳಗೆ ದುಡಿದ ನಂತರವೇ ಪೂರ್ಣ ನೋಂದಣಿ ಪಡೆಯುತ್ತಾರೆ, ಅದನ್ನು ನಾವು ಪ್ರಶ್ನಿಸುವುದಿಲ್ಲ.

ಮಕ್ಕಳ ಮೇಲೆ ಪ್ರಯೋಗ ಮಾಡಿದಂತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆ ಪ್ರಯೋಗ ಈಗಲೂ ನಡೆಯುತ್ತಿದೆ, ಯಾರೂ ನೋಡದೆ ನಡೆಯುತ್ತಿದೆ ಎಂಬುದೇ ನನ್ನ ಆತಂಕ. ಹಿರಿಯ ಶಿಕ್ಷಕರಿಗೆ ಪುರುಸೊತ್ತು ಎಲ್ಲಿದೆ ಎಂಬುದು ಇದಕ್ಕಿಂತ ಕಠಿಣ ಪ್ರಶ್ನೆ. ಬಿಸಿಯೂಟ, ಮೊಟ್ಟೆ, ಆನ್‌ಲೈನ್ ಮಾಹಿತಿ ತುಂಬುವುದು, ಸಮೀಕ್ಷೆ, ಚುನಾವಣೆ ಎಲ್ಲದರ ನಡುವೆ ಇನ್ನೊಂದು ಹೊರೆ ಹೊರಿಸಿದರೆ ಅದೂ ಒಂದು ರಿಜಿಸ್ಟರಿನಲ್ಲಿ ಮುಗಿಯುತ್ತದೆ. ಮಾರ್ಗದರ್ಶಕರಿಗೆ ವಾರಕ್ಕೆ ಕೆಲವು ಪೀರಿಯಡ್ ಬಿಡುವು, ಅದಕ್ಕೊಂದು ಭತ್ಯೆ ಕೊಡದೆ ಇದನ್ನು ಆರಂಭಿಸುವುದಾದರೆ ಆರಂಭಿಸದಿರುವುದೇ ಲೇಸು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆಯೇ. ಅರ್ಹತಾಪತ್ರಕ್ಕೆ ಶಾಲೆಯ ಹಿರಿಯರ ಸಹಿ ಬೇಕೆಂದಾದರೆ ಆ ಸಹಿಗೆ ಬೆಲೆ ಕಟ್ಟುವವರು, ಜಾತಿ ನೋಡುವವರು, ಮನೆಗೆಲಸ ಮಾಡಿಸಿಕೊಳ್ಳುವವರು ಹುಟ್ಟಿಕೊಳ್ಳುವುದಿಲ್ಲವೇ? ಹುಟ್ಟಿಕೊಳ್ಳಬಹುದು, ನಮ್ಮ ಅನುಭವ ಹಾಗೆಯೇ ಇದೆ. ಅದಕ್ಕಾಗಿಯೇ ಕಲಿಸಿಕೊಡುವವರು ಮತ್ತು ತೀರ್ಪು ಕೊಡುವವರು ಬೇರೆ ಬೇರೆಯಾಗಿರಬೇಕು. ಜೊತೆಗಿದ್ದು ತಿದ್ದುವುದು ಅದೇ ಶಾಲೆಯ ಹಿರಿಯರ ಕೆಲಸ, ಅವರ ಕೈಯಲ್ಲಿ ಅಂಕ ಇರಬಾರದು. ತರಗತಿಗೆ ಬಂದು ನೋಡಿ ನಿರ್ಧರಿಸುವುದು ಬೇರೆ ತಾಲ್ಲೂಕಿನ ಒಬ್ಬ ವಿಷಯ ಶಿಕ್ಷಕರೂ ಬಿ.ಎಡ್. ಕಾಲೇಜಿನ ಒಬ್ಬ ಉಪನ್ಯಾಸಕರೂ ಕೂಡಿ ಮಾಡಬೇಕಾದ ಕೆಲಸ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ, ಮೊದಲೇ ತಿಳಿಸದೆ. ಉಪನ್ಯಾಸಕರು ಹೀಗೆ ವರ್ಷವಿಡೀ ಪ್ರೌಢಶಾಲೆಗಳ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳ ತಪ್ಪುಗಳನ್ನು ನೋಡಿ ಬಂದರೆ, ಅವರ ಕಾಲೇಜಿನ ಪಾಠಯೋಜನೆಯ ಪುಸ್ತಕದಲ್ಲಿ ಆ ತಪ್ಪುಗಳಿಗೂ ಒಂದು ಕಾಲಂ ಸೇರಲು ಹೆಚ್ಚು ಕಾಲ ಬೇಕಾಗದು.