ನಿದ್ರೆಯೆಂಬ ನೆಂಟಸ್ತನ

ಆಹಾರ, ನಿದ್ರೆ, ಭಯ, ಮೈಥುನ ಇವು ಪಶುವಿಗೂ ಮನುಷ್ಯನಿಗೂ ಸಮಾನವೆಂದು ಹಿರಿಯರು ಹೇಳಿದ್ದುಂಟು. ಪ್ರವಚನಕಾರರು ಈ ಮಾತನ್ನು ಸಾಮಾನ್ಯವಾಗಿ ಮನುಷ್ಯನ ಹೆಚ್ಚುಗಾರಿಕೆಯನ್ನು ಸಾರಲು ಬಳಸುತ್ತಾರೆ. ನಿದ್ರೆಯಾದರೋ ಪಶುಗುಣವೆನಿಸಿಕೊಂಡು ಮೂಲೆ ಸೇರುತ್ತದೆ. ಇಂದು ಆ ಸಮಾನವಾದುದರ ಕಡೆಗೇ ಕೊಂಚ ನೋಡೋಣ.

ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಸಣ್ಣ ಹಣ್ಣುನೊಣವನ್ನು ಎಲ್ಲರೂ ಕಂಡಿದ್ದೀರಿ. ಅದೂ ನಿದ್ರಿಸುತ್ತದೆಂಬುದನ್ನು ವಿಜ್ಞಾನಿಗಳು 2000ದಲ್ಲಿ ತೋರಿಸಿಕೊಟ್ಟರು. ರಾತ್ರಿ ಅದನ್ನು ಮಲಗಗೊಡದಿದ್ದರೆ ಮರುದಿನ ಹೆಚ್ಚು ಮಲಗಿ ಬಾಕಿ ತೀರಿಸಿಕೊಳ್ಳುತ್ತದೆ. ಕಾಫಿಯಲ್ಲಿರುವ ಕೆಫೀನನ್ನು ಉಣಿಸಿದರೆ ನಮ್ಮಂತೆಯೇ ಅದಕ್ಕೂ ನಿದ್ರೆ ಹಾರಿಹೋಗುತ್ತದೆ! ಇದೇ ನೊಣದ ದೇಹದಲ್ಲಿ ಹಗಲಿರುಳನ್ನು ಎಣಿಸುವ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅಂಥದೇ ಗಡಿಯಾರ ನಮ್ಮ ಜೀವಕೋಶಗಳಲ್ಲೂ ಇದೆ. ಅದೇ ವರ್ಷ, ಮಿದುಳೇ ಇಲ್ಲದ ಒಂದು ಬಗೆಯ ಲೋಳೆಮೀನು ಕೂಡ ರಾತ್ರಿ ನಿದ್ರಿಸುವುದು ತಿಳಿದುಬಂತು. ಎಲ್ಲಿಯ ಲೋಳೆಮೀನು, ಎಲ್ಲಿಯ ನಾವು!

ಕೊಟ್ಟಿಗೆಯ ಹಸು ಹತ್ತು ಹನ್ನೆರಡು ತಾಸು ಮಲಗಿ ಮೆಲುಕು ಹಾಕಿದರೂ ಅದರ ನಿಜವಾದ ನಿದ್ರೆ ನಾಲ್ಕು ತಾಸಿನ ಸುತ್ತಮುತ್ತ ಮಾತ್ರ. ಕುದುರೆ ನಿಂತೇ ತೂಕಡಿಸಬಲ್ಲದು; ಆದರೆ ಕನಸು ಬೀಳುವಂಥ ನಿದ್ರೆ ಬೇಕಾದರೆ ನೆಲಕ್ಕೊರಗಬೇಕು. ಭಯವಿದ್ದಲ್ಲಿ ಅದು ಒರಗದು. ಗುಂಪಿನಲ್ಲಿ ಒಂದು ಎಚ್ಚರವಾಗಿ ನಿಂತರೆ ಮಿಕ್ಕವು ಮಲಗುತ್ತವೆ. ಸಾಲಿನ ಅಂಚಿಗಿರುವ ಬಾತುಕೋಳಿ ಒಂದು ಕಣ್ಣು ತೆರೆದು, ಅರ್ಧ ಮಿದುಳನ್ನು ಎಚ್ಚರವಿಟ್ಟೇ ನಿದ್ರಿಸುತ್ತದೆ. ತಾಯಿಯ ತೋಳಿನಲ್ಲಿ ಮಗುವಿಗೆ ಬೇಗ ನಿದ್ರೆ ಬರುವುದೇಕೆಂದು ಬೇರೆ ಹೇಳಬೇಕೇ?

ಪ್ರಾಯದ ಮನುಷ್ಯನಿಗೆ ಏಳು ತಾಸಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ವರ್ಷಗಟ್ಟಲೆ ನಿದ್ರೆಗೆಟ್ಟರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಬೆನ್ನು ಹತ್ತುವ ಸಂಭವ ಹೆಚ್ಚು. ರಾತ್ರಿ ಕರೆಂಟು ಬಂದಾಗಲೇ ನೀರು ಹಾಯಿಸಬೇಕಾದ ರೈತನಿಗೆ, ಪಾಳಿಯ ಕೆಲಸಗಾರನಿಗೆ ಈ ಉಪದೇಶ ಹೇಳಲು ನಮಗೆ ಬಾಯಿ ಬಾರದು. ಅವರ ನಿದ್ರೆ ಅವರ ಕೈಯಲ್ಲಿಲ್ಲ. ನಮ್ಮ ಮಾತು ಬೇಕೆಂದೇ ನಿದ್ರೆಗೆಡುವವರಿಗೆ.

ಕಳೆದ ಸುಗ್ಗಿಯಲ್ಲಿ ಭಕ್ತರೊಬ್ಬರು ಹೆಂಡತಿಯೊಡನೆ ಬಂದಿದ್ದರು. ಹೊಲವೂ ಉಂಟು, ಅಂಗಡಿಯೂ ಉಂಟು. ಕಣ್ಣು ಕೆಂಡದಂತಿತ್ತು. "ನಾಕ ತಾಸು ಮಲಗಿದ್ರ ನನಗ ಸಾಕ್ರಿ ಅಜ್ಜಾರ" ಎಂದು ಹೆಮ್ಮೆಯಿಂದ ಹೇಳಿಕೊಂಡರು. ಎತ್ತುಗಳನ್ನೂ ಹೀಗೆಯೇ ದುಡಿಸುವಿರಾ ಎಂದು ಕೇಳಿದೆವು. "ಏ, ಎಲ್ಲೀದ್ರಿ! ಮೂಕ ಪ್ರಾಣಿ, ದಣೀತಾವ. ಹೊತ್ತು ಮುಳುಗೂದ್ರಾಗ ನೊಗಾ ಇಳಿಸಿ, ಮೇವು ಹಾಕಿ, ದನದ ಮನ್ಯಾಗಿನ ದೀಪಾ ಆರಿಸಿಬಿಡ್ತೀನ್ರಿ."

ಹೆಂಡತಿ ಸೆರಗನ್ನು ಬಾಯಿಗಿಟ್ಟು ನಕ್ಕರು. "ಹುಡುಗರ ಖೋಲ್ಯಾಗಿನ ಮೊಬೈಲ್ ಮಾತ್ರ ಹನ್ನೆರಡಾದ್ರೂ ಆರಂಗಿಲ್ರಿ. ಇವರದ್ದು ಒಂದಾದ್ರೂ ಆರಂಗಿಲ್ಲ."

ಭಕ್ತರು ಮರುಮಾತಾಡಲಿಲ್ಲ.