ಸಮುದ್ರವೇ ಇಲ್ಲದ ಊರಲ್ಲಿ ನೌಕಾಪಡೆಗೇನು ಕೆಲಸ?

ಸ್ಕ್ರೋಲ್ ಮಾಡೋ ಮುಂಚೆ ಎರಡು ನಿಮಿಷ ನಿಲ್ಲಿ. ತೆಲಂಗಾಣದ ವಿಕಾರಾಬಾದ್ ಜಿಲ್ಲೆ ನಮ್ಮ ಕಲಬುರಗಿಗೆ ಅಂಟಿಕೊಂಡೇ ಇದೆ. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದ್ರೂ ಅಲ್ಲಿನ ದಾಮಗುಂಡಂ ಕಾಡಲ್ಲಿ ಸುಮಾರು 2,900 ಎಕರೆ ನೌಕಾಪಡೆಗೆ ಹೋಗಿದೆ. 2024ರ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅಲ್ಲಿ ರೇಡಿಯೋ ಕೇಂದ್ರಕ್ಕೆ ಶಂಕುಸ್ಥಾಪನೆ ಮಾಡಿದ್ರು.

ಯಾಕೆ ಬೇಕು ಅಂದ್ರೆ, ಮುಳುಗಿರೋ ಜಲಾಂತರ್ಗಾಮಿಗೆ ನಮ್ಮ ಮೊಬೈಲ್ ಸಿಗ್ನಲ್ ಥರದ್ದು ಮುಟ್ಟಲ್ಲ. ಉಪ್ಪುನೀರು ಅದನ್ನ ನುಂಗಿಬಿಡುತ್ತೆ. ತೀರಾ ಉದ್ದದ ಅಲೆ ಮಾತ್ರ ಕೆಲವು ಮೀಟರ್ ಆಳದವರೆಗೆ ಇಳಿಯುತ್ತೆ. ಎಷ್ಟು ಉದ್ದ ಅಂತೀರಾ? 18.2 ಕಿಲೋಹರ್ಟ್ಸ್‌ನಲ್ಲಿ ಒಂದೇ ಅಲೆ ಸುಮಾರು 16.5 ಕಿ.ಮೀ.! ನಮ್ಮ ಮೂಗೂರಲ್ಲಿ ಶುರುವಾದ್ರೆ ತಿ. ನರಸೀಪುರ ದಾಟಿ ಮುಗಿಯುತ್ತೆ. ಇಂಥ ಅಲೆ ಭೂಮಿಯ ಮೈ ಹಿಡಿದು ಸಾವಿರಾರು ಕಿ.ಮೀ. ಹೋಗುತ್ತೆ, ಹಾಗಾಗಿ ಕೇಂದ್ರ ಕಡಲ ದಡದಲ್ಲೇ ಇರಬೇಕು ಅಂತೇನಿಲ್ಲ. ಮಾತು ಕಳಿಸೋಕಾಗಲ್ಲ, ಚಿಕ್ಕ ಸಂದೇಶ ಅಷ್ಟೇ, ಅದೂ ನಿಧಾನಕ್ಕೆ. ಕೆಳಗಿರೋರು ಕೇಳಿಸ್ಕೋಬೇಕು, ತಿರುಗಿ ಉತ್ತರ ಕೊಡೋ ಹಾಗಿಲ್ಲ.

ನಮ್ಮ ದೇಶದ ಮೊದಲ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಕಡೆ, ವಿಜಯನಾರಾಯಣಂನಲ್ಲಿದೆ. ಹೆಸರು ಐಎನ್‌ಎಸ್ ಕಟ್ಟಬೊಮ್ಮನ್, ಶುರುವಾಗಿದ್ದು 1990ರಲ್ಲಿ. 2014ರಲ್ಲಿ ಅಲ್ಲಿ ಹೊಸ ಪ್ರಸಾರ ಕೇಂದ್ರ ಬಂತು. ಅದರ ಕಂಬ 471 ಮೀಟರ್. ಮೈಸೂರಿಂದ ಕಾಣೋ ಚಾಮುಂಡಿ ಬೆಟ್ಟವೂ ಅದರ ಮುಂದೆ ಗಿಡ್ಡ. (1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮನೆಯಿಂದ ಬರೀ 30 ವಾಟ್‌ನಲ್ಲಿ ಆಕಾಶವಾಣಿ ಶುರು ಮಾಡಿದ್ದನ್ನ ನೆನೆಸ್ಕೊಂಡ್ರೆ ನಗು ಬರುತ್ತೆ. ಆಸ್ಟ್ರೇಲಿಯಾದ ಎಕ್ಸ್‌ಮೌತ್‌ನಲ್ಲಿರೋ ಇಂಥದ್ದೇ ಕೇಂದ್ರದ ಶಕ್ತಿ 10 ಲಕ್ಷ ವಾಟ್.)

ಈಗ ನನ್ನ ಮಾತು. ಈ ಕೇಂದ್ರ ಬೇಡ ಅಂತ ನಾನು ಹೇಳಲ್ಲ. ಇಡೀ ದೇಶದ ಜಲಾಂತರ್ಗಾಮಿಗಳು ಒಂದೇ ಕೇಂದ್ರ ನೆಚ್ಕೊಂಡು ಕೂತಿದ್ರೆ, ಅದು ಕೆಟ್ಟ ದಿನ ಏನು ಗತಿ? ಎರಡನೆಯದು ಬೇಕು. ಆದ್ರೆ "ದೇಶಕ್ಕೋಸ್ಕರ" ಅಂದ ತಕ್ಷಣ ಬೇರೆ ಪ್ರಶ್ನೆ ಕೇಳೋದೇ ತಪ್ಪು ಅನ್ನೋ ಕಾಮೆಂಟ್‌ಗಳಿಗೆ ನನ್ನ ಸಹಮತ ಇಲ್ಲ. ಎಕ್ಸ್‌ಮೌತ್‌ನಲ್ಲಿ ಮೊದಲು ಪಟ್ಟಣವೇ ಇರಲಿಲ್ಲ, ಕೇಂದ್ರಕ್ಕೋಸ್ಕರವೇ 1960ರ ದಶಕದಲ್ಲಿ ಕಟ್ಟಿದ್ರು. ದಾಮಗುಂಡಂ ಹಾಗಲ್ಲ. ಸುತ್ತ ಹಳ್ಳಿಗಳಿವೆ, ದನ ಮೇಯಿಸೋರಿದ್ದಾರೆ, ಕಾಡೊಳಗೆ ರಾಮಲಿಂಗೇಶ್ವರನ ಗುಡಿ ಇದೆ. ಮೂಸಿ ಹುಟ್ಟೋದು ಅದೇ ಜಿಲ್ಲೆಯ ಅನಂತಗಿರಿ ಬೆಟ್ಟದಲ್ಲಿ. ಸೇಡಂ, ಮಳಖೇಡದ ಪಕ್ಕ ಹರಿಯೋ ನಮ್ಮ ಕಾಗಿಣಾ ಹೊಳೆಯ ಮೂಲವೂ ಆ ಕಡೆಯದೇ. ಆ ಕಾಡಿನ ಮಾತು ಪಕ್ಕದ ರಾಜ್ಯದ ವಿಷಯ ಅಂತ ಕೈ ತೊಳ್ಕೊಳೋಕಾಗುತ್ತಾ?

ಗುಡಿಗೆ ಹೋಗೋಕೆ ಭಕ್ತರಿಗೆ ದಾರಿ ಬಿಡಿ ಅಂತ ಅಲ್ಲಿನ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರೇ ಶಂಕುಸ್ಥಾಪನೆ ದಿನ ಕೇಳಿಕೊಂಡ್ರು. ಒಂದ್ಸಲ ಯೋಚನೆ ಮಾಡಿ. ನಾಳೆ ನಮ್ಮ ತ್ರಿಪುರಸುಂದರಿ ಅಮ್ಮನ ಗುಡಿ ಸುತ್ತ ತಂತಿಬೇಲಿ ಬಂದು, ಜಾತ್ರೆಗೆ ಹೋಗೋಕೆ ಗೇಟಲ್ಲಿ ಗುರುತಿನ ಚೀಟಿ ತೋರಿಸಿ ಅಂದ್ರೆ? ಬೇಲಿ ಹಾಕೋ ಮುಂಚೆಯೇ ಗುಡಿ ದಾರಿ ಯಾವುದು, ದನ ಎಲ್ಲಿ ಮೇಯಬೇಕು, ಕಡಿದ ಮರಕ್ಕೆ ಬದಲು ಎಲ್ಲಿ ಯಾವ ಮರ ನೆಡ್ತಾರೆ ಅನ್ನೋದು ಬರವಣಿಗೆಯಲ್ಲಿ ಬರಬೇಕು, ಅಲ್ಲಿನ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಅಂಟಿಸಬೇಕು. ವೇದಿಕೆ ಮೇಲಿನ ಭರವಸೆ ಸಾಲದು. ಗುಟ್ಟಾಗಿರಬೇಕಾದ್ದು ಸಂದೇಶ. ಗುಡಿ ದಾರಿಯಲ್ಲಿ ಯಾವ ಗುಟ್ಟಿದೆ ಹೇಳಿ?

ನಿಮ್ಮೂರಲ್ಲಿ ಹೀಗೆ ಬೇಲಿಯೊಳಗೆ ಹೋದ ಗುಡಿ, ಕೆರೆ, ಗೋಮಾಳ ಇದ್ರೆ ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗಕ್ಕೆ ಅದನ್ನೇ ತಗೋತೀನಿ.